ನಗುವಿಗಾಗಿ ಕಾಯಲಾರದ ಚಿತ್ರ: ಹಾಸ್ಯದ ಕಿರು ಅನಿಮೇಷನ್ ಮತ್ತು ಅದರ ಪ್ರೇಕ್ಷಕರು

ರಂಗದ ಮೇಲಿನ ಹಾಸ್ಯನಟನಿಗೆ ಒಂದು ಅನುಕೂಲವಿದೆ. ಸಭೆ ನಕ್ಕರೆ ಅವನು ನಿಲ್ಲಬಹುದು, ನಗು ಇಳಿಯುವವರೆಗೆ ಮುಂದಿನ ಮಾತನ್ನು ತಡೆಹಿಡಿಯಬಹುದು. ನಗು ಬಾರದಿದ್ದರೆ ಮಾತನ್ನು ಮೊಟಕುಗೊಳಿಸಿ ಏನೂ ಆಗದವನಂತೆ ಮುಂದೆ ಸಾಗಬಹುದು. ಸಿನಿಮಾ ನಟನಿಗೆ ಕೊನೆಯಪಕ್ಷ ಚಿತ್ರೀಕರಣದ ಹೊತ್ತಿನಲ್ಲಿ ಸುತ್ತ ನಿಂತವರ ಮುಖಗಳಾದರೂ ಕಾಣುತ್ತವೆ. ಅನಿಮೇಷನ್ ಮಾಡುವವರಿಗೆ ಇವೆರಡೂ ಇಲ್ಲ. ಜನ ಯಾವ ಕ್ಷಣದಲ್ಲಿ ನಗುತ್ತಾರೆ, ಎಷ್ಟು ಹೊತ್ತು ನಗುತ್ತಾರೆ ಎಂಬುದನ್ನು ಅವರು ತಿಂಗಳುಗಟ್ಟಲೆ ಮೊದಲೇ, ಮೇಜಿನ ಮುಂದೆ ಒಬ್ಬರೇ ಕುಳಿತು ಊಹಿಸಬೇಕು; ಊಹಿಸಿದ್ದನ್ನು ಫ್ರೇಮುಗಳ, ಅಂದರೆ ತೆರೆಯ ಮೇಲೆ ಒಂದರ ಹಿಂದೊಂದು ಓಡುವ ಬಿಡಿ ಚಿತ್ರಗಳ, ಲೆಕ್ಕದಲ್ಲಿ ಬರೆದಿಡಬೇಕು. ಒಮ್ಮೆ ಬರೆದಾದ ಮೇಲೆ ಚಿತ್ರ ಯಾರಿಗೂ ಕಾಯುವುದಿಲ್ಲ. ಆದ್ದರಿಂದ ಈ ಪ್ರಕಾರದಲ್ಲಿ ಪ್ರೇಕ್ಷಕರ ಪ್ರತಿಕ್ರಿಯೆ ಎಂದರೆ ಚಿತ್ರ ಮುಗಿದ ಮೇಲೆ ದೊರೆಯುವ ಮೆಚ್ಚುಗೆಯಷ್ಟೇ ಆಗಿರುವುದಿಲ್ಲ. ಚಿತ್ರದ ಒಳಗೇ ಅದಕ್ಕೆಂದು ಜಾಗ ಬಿಟ್ಟಿರುತ್ತಾರೆ. ಆ ಜಾಗದಲ್ಲಿ ನಗು ಬಂದು ಕುಳಿತುಕೊಂಡಿತೇ, ಇಲ್ಲವೇ, ಪಕ್ಕದ ಜಾಗದಲ್ಲಿ ಕುಳಿತಿತೇ ಎಂಬುದೇ ನಾನು ಇಂದು ಮಾತನಾಡಲಿರುವ ವಿಷಯ. ಸಭೆ ಎಷ್ಟು ಜೋರಾಗಿ ನಕ್ಕಿತು ಎಂಬುದಕ್ಕಿಂತ ಎಲ್ಲಿ ನಕ್ಕಿತು ಎಂಬುದು ಚಿತ್ರದ ಬಗ್ಗೆ ಹೆಚ್ಚಿನದನ್ನು ತಿಳಿಸುತ್ತದೆ ಎಂಬುದು ನನ್ನ ವಾದ.

ಆರಂಭದಲ್ಲಿ ಪರಿಸ್ಥಿತಿ ಹೀಗಿರಲಿಲ್ಲ. ಫ್ರಾನ್ಸಿನ ಎಮಿಲ್ ರೆನೋ ಅವರು 1892ರ ಅಕ್ಟೋಬರ್ 28ರಂದು ಪ್ಯಾರಿಸ್ಸಿನ ಗ್ರೆವಾಂ ಸಂಗ್ರಹಾಲಯದಲ್ಲಿ ಚಲಿಸುವ ಚಿತ್ರಗಳ ಸಾರ್ವಜನಿಕ ಪ್ರದರ್ಶನವನ್ನು ಆರಂಭಿಸಿದರು. ಲುಮಿಯೇರ್ ಸಹೋದರರ ಪ್ರಸಿದ್ಧ ಸಿನಿಮಾ ಪ್ರದರ್ಶನಕ್ಕೆ ಇನ್ನೂ ಮೂರು ವರ್ಷ ಬಾಕಿಯಿತ್ತು. ರೆನೋ ಅವರ ಪಟ್ಟಿಯ ಮೇಲೆ ಇದ್ದದ್ದು ಕೈಯಿಂದ ಬಣ್ಣ ಹಚ್ಚಿದ ಕೆಲವು ನೂರು ಚಿತ್ರಗಳು ಮಾತ್ರ. ಆದರೂ ಒಂದೊಂದು ಪ್ರದರ್ಶನವೂ ಹತ್ತು ನಿಮಿಷಗಳಿಗಿಂತ ಹೆಚ್ಚು ನಡೆಯುತ್ತಿತ್ತು. ಏಕೆಂದರೆ ಪಟ್ಟಿಯನ್ನು ತಿರುಗಿಸುತ್ತಿದ್ದವರು ಅವರೇ. ಬೇಕೆಂದಾಗ ನಿಲ್ಲಿಸುತ್ತಿದ್ದರು, ಹಿಂದಕ್ಕೆ ತಿರುಗಿಸಿ ಅದೇ ಪೆಟ್ಟನ್ನು ಮತ್ತೆ ಹೊಡೆಸುತ್ತಿದ್ದರು. ತೆರೆಯ ಮೇಲಿನ ಹಾಸ್ಯಕ್ಕೆ ಆಗ ರಂಗದ ಮೇಲಿನ ಹಾಸ್ಯದಷ್ಟೇ ಸ್ವಾತಂತ್ರ್ಯವಿತ್ತು.

1914ರಲ್ಲಿ ಅಮೆರಿಕದ ವಿನ್ಸರ್ ಮೆಕೇ ಅವರು ಗರ್ಟಿ ಎಂಬ ಡೈನೋಸಾರನ್ನು ಬಿಡಿಸಿ ವಾಡ್‌ವಿಲ್ ಎಂಬ ವಿವಿಧ ವಿನೋದಾವಳಿಯ ರಂಗಮಂದಿರಗಳಿಗೆ ತಂದಾಗ ಈ ಸ್ವಾತಂತ್ರ್ಯ ಅರ್ಧ ಹೋಗಿತ್ತು, ಅರ್ಧ ಉಳಿದಿತ್ತು. ಕೈಯಲ್ಲಿ ಚಾವಟಿ ಹಿಡಿದು ಅವರು ತೆರೆಯ ಪಕ್ಕದಲ್ಲಿ ನಿಲ್ಲುತ್ತಿದ್ದರು. ಕಾಲೆತ್ತು ಎಂದರೆ ಗರ್ಟಿ ಕಾಲೆತ್ತುತ್ತಿತ್ತು, ಗದರಿದರೆ ಅಳುತ್ತಿತ್ತು, ಅವರು ಎಸೆದಂತೆ ನಟಿಸಿದ ಹಣ್ಣನ್ನು ಬಾಯಿಗೆ ಹಾಕಿಕೊಳ್ಳುತ್ತಿತ್ತು. ವಾಸ್ತವದಲ್ಲಿ ಪ್ರಾಣಿ ಮಾತು ಕೇಳುತ್ತಿರಲಿಲ್ಲ, ಮಾತೇ ಪ್ರಾಣಿಯನ್ನು ಹಿಂಬಾಲಿಸುತ್ತಿತ್ತು. ಚಿತ್ರ ತನ್ನ ಪಾಡಿಗೆ ಓಡುತ್ತಿದ್ದಾಗ ಮೆಕೇ ತಮ್ಮ ಮಾತನ್ನು ಹಿಗ್ಗಿಸಿ ಕುಗ್ಗಿಸಿ, ಚಿತ್ರಕ್ಕೂ ಸಭೆಗೂ ನಡುವೆ ಸಂಧಾನ ಮಾಡುತ್ತಿದ್ದರು. ಅದೇ ವರ್ಷದ ಕೊನೆಯಲ್ಲಿ ಅವರ ಮಾತುಗಳನ್ನು ಬರಹದ ಫಲಕಗಳಾಗಿ ಸೇರಿಸಿ, ಚಿತ್ರವನ್ನು ಎಲ್ಲ ಚಿತ್ರಮಂದಿರಗಳಿಗೂ ಕಳುಹಿಸಿದರು. ಸಂಧಾನಕಾರ ಹೊರಟುಹೋದ. ಅಲ್ಲಿಂದಾಚೆಗೆ ಚಿತ್ರ ಒಂದು ಕಡೆ, ಸಭೆ ಒಂದು ಕಡೆ.

ಕಳೆದುಹೋದ ಆ ಸಂಭಾಷಣೆಯನ್ನು ಹುಸಿಯಾಗಿಯಾದರೂ ಮರಳಿ ತರಲು ಮುಂದೆ ಅನೇಕರು ಯತ್ನಿಸಿದರು. ಅಮೆರಿಕದ ಅನಿಮೇಷನ್ ನಿರ್ದೇಶಕ ಟೆಕ್ಸ್ ಏವರಿ ಅವರು 1930ರ ದಶಕದ ಕೊನೆಯಲ್ಲಿ ತೆರೆಯ ಕೆಳಗಂಚಿನಲ್ಲಿ ಪ್ರೇಕ್ಷಕನೊಬ್ಬನ ಕಪ್ಪು ನೆರಳನ್ನು ಬಿಡಿಸಿ, ಅವನು ಎದ್ದು ನಿಂತಂತೆ, ಒಳಗಿನ ಪಾತ್ರ ಅವನನ್ನು ಗದರಿದಂತೆ ತೋರಿಸುತ್ತಿದ್ದರು. ಕತ್ತಲಲ್ಲಿ ಕುಳಿತ ಜನ ಒಂದು ಕ್ಷಣ ಮುಂದಿನ ಸಾಲಿನವನೇ ಎದ್ದನೆಂದು ಭ್ರಮಿಸಬೇಕು, ಮರುಕ್ಷಣ ಭ್ರಮೆ ಕಳಚಿ ನಗಬೇಕು. ಈ ತಮಾಷೆ ಪೂರ್ತಿಯಾಗಿ ಕೈಗೂಡುವುದು ತುಂಬಿದ ಸಭಾಂಗಣದಲ್ಲಿ ಮಾತ್ರ. ಮನೆಯ ಪರದೆಯಲ್ಲಿ ಅದೊಂದು ಜಾಣ ಕಲ್ಪನೆಯಾಗಿ ಮಾತ್ರ ಉಳಿಯುತ್ತದೆ. ಪ್ರತಿಕ್ರಿಯೆಯ ಬಗ್ಗೆ ಮಾತನಾಡುವವರು ಯಾವ ಚಿತ್ರವನ್ನು ಯಾವ ಜಾಗದಲ್ಲಿ ನೋಡಿದೆವು ಎಂಬುದನ್ನೂ ಜೊತೆಗೇ ಹೇಳಬೇಕಾದದ್ದು ಇದಕ್ಕಾಗಿಯೇ.

ಈಗ ಫ್ರೇಮುಗಳ ಲೆಕ್ಕಕ್ಕೆ ಬರೋಣ. ಸೆಕೆಂಡಿಗೆ 24 ಫ್ರೇಮುಗಳು ಎಂಬುದು ನಿಮಗೆ ಗೊತ್ತಿರುವ ವಿಷಯ. ರಸ್ತೆಯ ಹಕ್ಕಿಯನ್ನು ಅಟ್ಟಿಸಿಕೊಂಡು ಹೋಗಿ ಬಂಡೆಯಂಚಿನಿಂದ ಬೀಳುವ ಕಯೋಟಿ ತೋಳವನ್ನು 1949ರಲ್ಲಿ ತೆರೆಗೆ ತಂದ ಚಕ್ ಜೋನ್ಸ್ ಅವರು ಆ ಬೀಳುವಿಕೆಯ ಲೆಕ್ಕವನ್ನು ವಿವರಿಸುತ್ತಿದ್ದರು. ತೋಳ ಕೆಳಗಿಳಿದು ಕಣ್ಮರೆಯಾಗಲು 18 ಫ್ರೇಮು, ಅನಂತರ ನೆಲಕ್ಕೆ ಬಡಿದು ಧೂಳೇಳುವ ಮುನ್ನ 14 ಫ್ರೇಮು. 13ಕ್ಕೆ ನಗು ಬರುವುದಿಲ್ಲ, 15ಕ್ಕೂ ಬರುವುದಿಲ್ಲ ಎಂಬುದು ಅವರ ಅನುಭವ. ಒಂದು ಫ್ರೇಮು ಎಂದರೆ ಸೆಕೆಂಡಿನ ಇಪ್ಪತ್ತನಾಲ್ಕನೆಯ ಒಂದು ಭಾಗ. ಅಷ್ಟು ಸಣ್ಣ ವ್ಯತ್ಯಾಸ ಸಾವಿರ ಜನರ ಗಂಟಲಲ್ಲಿ ನಗುವನ್ನು ಹುಟ್ಟಿಸಬಲ್ಲದೇ, ಅಡಗಿಸಬಲ್ಲದೇ ಎಂದು ನೀವು ಕೇಳಬಹುದು. ಅಂಕಿಯನ್ನು ಶಾಸ್ತ್ರವೆಂದು ಹಿಡಿಯಬೇಕಾಗಿಲ್ಲ. ಗಮನಿಸಬೇಕಾದದ್ದು ಆ 14 ಫ್ರೇಮುಗಳಲ್ಲಿ ತೆರೆಯ ಮೇಲೆ ಏನಿದೆ ಎಂಬುದನ್ನು. ಏನೂ ಇಲ್ಲ. ತೋಳ ಕಾಣುತ್ತಿಲ್ಲ, ಧೂಳು ಇನ್ನೂ ಎದ್ದಿಲ್ಲ. ಆ ಖಾಲಿ ಅರ್ಧ ಸೆಕೆಂಡಿನಲ್ಲಿ ಕೆಲಸ ಮಾಡುತ್ತಿರುವುದು ಪ್ರೇಕ್ಷಕರ ಮನಸ್ಸು ಮಾತ್ರ. ಬೀಳುವುದನ್ನು ನೋಡುಗರೇ ಪೂರ್ತಿ ಮಾಡುತ್ತಾರೆ, ಧೂಳು ಅದಕ್ಕೆ ಸಹಿ ಹಾಕುತ್ತದೆ. ಅದೇ ಜೋನ್ಸ್ ಅವರು, ತಾವು ಮಕ್ಕಳಿಗಾಗಿಯೂ ದೊಡ್ಡವರಿಗಾಗಿಯೂ ಚಿತ್ರ ಮಾಡಲಿಲ್ಲ, ತಮ್ಮ ಸಂತೋಷಕ್ಕೆ ಮಾಡಿದೆವು ಎಂದೂ ಹೇಳುತ್ತಿದ್ದರು. ನನಗೆ ಈ ಎರಡು ಮಾತುಗಳ ನಡುವೆ ವಿರೋಧ ಕಾಣುವುದಿಲ್ಲ. ಮೇಜಿನ ಮುಂದೆ ಕುಳಿತವನಿಗೆ ಕೈಗೆ ಸಿಗುವ ಪ್ರೇಕ್ಷಕ ಅವನೊಬ್ಬನೇ ತಾನೆ?

ಪತನ ನಗು ತರಿಸುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಬಹಳಷ್ಟು ಸಲ ನಗು ಬರುವುದು ಪತನಕ್ಕೆ ಮುಂಚಿನ ಯೋಚನೆಯಿಂದ. ಇದನ್ನು ತೋರಿಸಲು ನಾನು ಯಾವಾಗಲೂ ಆರಿಸಿಕೊಳ್ಳುವ ಉದಾಹರಣೆ ಡಿಸ್ನಿ ಸಂಸ್ಥೆ 1934ರಲ್ಲಿ ಹೊರತಂದ ‘ಪ್ಲೇಫುಲ್ ಪ್ಲೂಟೊ’. ಅದರಲ್ಲಿ ನಾರ್ಮ್ ಫರ್ಗುಸನ್ ಅವರು ಬಿಡಿಸಿದ ಒಂದು ಪ್ರಸಂಗವಿದೆ. ಪ್ಲೂಟೊ ಎಂಬ ನಾಯಿ ನೆಲವನ್ನು ಮೂಸುತ್ತ ಬಂದು ನೊಣ ಹಿಡಿಯುವ ಅಂಟುಕಾಗದಕ್ಕೆ ಸಿಕ್ಕಿಕೊಳ್ಳುತ್ತದೆ. ಮೂಗಿನಿಂದ ಬಿಡಿಸಿದರೆ ಕಾಲಿಗೆ, ಕಾಲಿನಿಂದ ಬಿಡಿಸಿದರೆ ಇನ್ನೊಂದು ಕಾಲಿಗೆ, ಕುಳಿತರೆ ಹಿಂಭಾಗಕ್ಕೆ ಅಂಟುತ್ತದೆ. ಇಷ್ಟೇ ಕಥೆ, ಬಾಯಿಮಾತಿನಲ್ಲಿ ಹೇಳಿದರೆ ಯಾರೂ ನಗುವುದಿಲ್ಲ. ಆದರೆ ಪ್ರತಿ ಸಲವೂ ನಾಯಿ ನಿಲ್ಲುತ್ತದೆ, ನೋಡುತ್ತದೆ, ಲೆಕ್ಕ ಹಾಕುತ್ತದೆ, ಒಂದು ನಿರ್ಧಾರಕ್ಕೆ ಬಂದು ಆ ನಿರ್ಧಾರದ ಬಗ್ಗೆ ಸಮಾಧಾನಪಡುತ್ತದೆ. ಅದಾದ ಮೇಲೆಯೇ ಮತ್ತೆ ಸಿಕ್ಕಿಬೀಳುತ್ತದೆ. ಅನಿಮೇಷನ್ ಪಾತ್ರವೊಂದು ಯೋಚಿಸುತ್ತಿರುವುದನ್ನು ಜನ ಕಣ್ಣಾರೆ ಕಂಡ ಆರಂಭದ ಪ್ರಸಂಗಗಳಲ್ಲಿ ಇದೂ ಒಂದು ಎಂದು ಆ ಕ್ಷೇತ್ರದವರು ಇದನ್ನು ನೆನೆಯುತ್ತಾರೆ. ಇದನ್ನು ಪ್ರೇಕ್ಷಕರ ಜೊತೆ ಕುಳಿತು ನೋಡುವಾಗ ಒಂದು ವಿಶೇಷ ಕಾಣುತ್ತದೆ. ಮೊದಲ ಅಂಟಿಗೆ ನಗು ಅಂಟಿದ ಮೇಲೆ ಬರುತ್ತದೆ. ಎರಡನೆಯದಕ್ಕೆ ಅಂಟುವ ಹೊತ್ತಿಗೇ ಬರುತ್ತದೆ. ಅನಂತರ ನಾಯಿ ಯೋಚಿಸಲು ನಿಂತ ಕೂಡಲೇ ಸಭೆ ನಗಲು ಆರಂಭಿಸುತ್ತದೆ, ಏಕೆಂದರೆ ಅದರ ಯೋಚನೆ ಎಲ್ಲಿಗೆ ಒಯ್ಯುತ್ತದೆ ಎಂಬುದು ನಾಯಿಗಿಂತ ಮೊದಲು ಜನರಿಗೆ ಗೊತ್ತಾಗಿರುತ್ತದೆ. ನಗು ಹೀಗೆ ಹಿಂದಕ್ಕೆ ಸರಿಯುತ್ತ ಹೋಗುವುದು, ಘಟನೆಯಿಂದ ಕಾರಣದ ಕಡೆಗೆ ನಡೆಯುವುದು, ಒಳ್ಳೆಯ ಹಾಸ್ಯಚಿತ್ರದ ಸ್ಪಷ್ಟ ಗುರುತುಗಳಲ್ಲಿ ಒಂದು.

ಈ ಪ್ರಸಂಗಕ್ಕೆ ಇನ್ನೊಂದು ಹಿರಿಮೆಯೂ ಇದೆ. ಪ್ರೆಸ್ಟನ್ ಸ್ಟರ್ಜಸ್ ಅವರು 1941ರಲ್ಲಿ ನಿರ್ದೇಶಿಸಿದ ‘ಸಲಿವನ್ಸ್ ಟ್ರಾವೆಲ್ಸ್’ ಚಿತ್ರದ ನಾಯಕ ಸ್ವತಃ ಹಾಸ್ಯಚಿತ್ರಗಳ ನಿರ್ದೇಶಕ. ಹಾಸ್ಯ ಸಾಕು, ಬಡತನದ ಬಗ್ಗೆ ಗಂಭೀರ ಚಿತ್ರ ಮಾಡುತ್ತೇನೆಂದು ಹೊರಟವನು ನಾನಾ ಅವಾಂತರಗಳ ನಂತರ ಸಂಕೋಲೆ ಬಿಗಿದ ಕೈದಿಗಳ ನಡುವೆ ಸೇರಿಕೊಳ್ಳುತ್ತಾನೆ. ಒಂದು ರಾತ್ರಿ ಕೈದಿಗಳನ್ನೆಲ್ಲ ಕಪ್ಪು ಜನರ ಒಂದು ಸಣ್ಣ ಚರ್ಚಿಗೆ ಕರೆದೊಯ್ದು ಅಲ್ಲಿ ಚಿತ್ರ ತೋರಿಸುತ್ತಾರೆ. ತೆರೆಯ ಮೇಲೆ ಬರುವುದು ಇದೇ ನಾಯಿ, ಇದೇ ಅಂಟುಕಾಗದ. ಕ್ಯಾಮೆರಾ ಹೆಚ್ಚಾಗಿ ತಿರುಗುವುದು ನೋಡುವವರ ಕಡೆಗೆ; ಬಳಲಿದ ಮುಖಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ನಾಯಕ ತಾನು ನಗುತ್ತಿದ್ದೇನೆಯೇ ಎಂದು ಪಕ್ಕದವನನ್ನು ಕೇಳಬೇಕಾಗುತ್ತದೆ, ಅಷ್ಟು ಅರಿವಿಲ್ಲದೆ ನಗು ಬಂದಿರುತ್ತದೆ. ಕಿರು ಅನಿಮೇಷನ್ನಿನ ಪ್ರೇಕ್ಷಕರ ಬಗ್ಗೆ ಸಿನಿಮಾ ಬರೆದ ಅತ್ಯುತ್ತಮ ಟಿಪ್ಪಣಿ ಅದೇ ಎಂದು ನಾನು ತಿಳಿದಿದ್ದೇನೆ. ಆ ದೃಶ್ಯದಿಂದ ಚಿತ್ರ ಹೊರಡಿಸುವ ತೀರ್ಮಾನ, ಅಂದರೆ ಜನರನ್ನು ನಗಿಸುವುದೇ ಸಾಕು ಎಂಬ ಮಾತು, ನನಗೆ ಅಷ್ಟಾಗಿ ಒಪ್ಪಿಗೆಯಾಗದು. ಆದರೆ ದೃಶ್ಯ ತೀರ್ಮಾನಕ್ಕಿಂತ ದೊಡ್ಡದು.

ಆ ಕೈದಿಗಳು ಒಬ್ಬೊಬ್ಬರಾಗಿ ನೋಡಿದ್ದರೆ ಹಾಗೆಯೇ ನಗುತ್ತಿದ್ದರೇ? ನಗು ಯಾವಾಗಲೂ ಒಂದು ಗುಂಪಿನ ನಗು ಎಂದು ತತ್ತ್ವಜ್ಞಾನಿ ಆನ್ರಿ ಬರ್ಗ್‌ಸನ್ 1900ರಲ್ಲಿಯೇ ವಾದಿಸಿದ್ದರು. ನಗುವಿನ ಕುರಿತು ದೀರ್ಘಕಾಲ ಅಧ್ಯಯನ ನಡೆಸಿದ ಮನೋವಿಜ್ಞಾನಿ ರಾಬರ್ಟ್ ಪ್ರೊವೈನ್ ಅವರ ಲೆಕ್ಕದ ಪ್ರಕಾರ, ಟಿವಿ, ಪುಸ್ತಕದಂಥ ಸಾಧನಗಳನ್ನು ಬದಿಗಿಟ್ಟರೆ ಮನುಷ್ಯರು ಒಂಟಿಯಾಗಿದ್ದಾಗ ನಗುವುದಕ್ಕಿಂತ ಸುಮಾರು 30 ಪಟ್ಟು ಹೆಚ್ಚಾಗಿ ಇತರರ ಜೊತೆಯಲ್ಲಿ ನಗುತ್ತಾರೆ. ಆರು ನಿಮಿಷದ ಚಿತ್ರಕ್ಕೆ ಇದು ದೊಡ್ಡ ಸಂಕಷ್ಟ. ಎರಡು ಗಂಟೆಯ ಸಿನಿಮಾದಲ್ಲಿ ಸಭೆ ಬೆಚ್ಚಗಾಗಲು ಸಾಕಷ್ಟು ಸಮಯವಿರುತ್ತದೆ. ಕಿರುಚಿತ್ರದಲ್ಲಿ ಯಾರಾದರೂ ಒಬ್ಬರು ಬೇಗನೆ ನಗಬೇಕು, ಉಳಿದವರಿಗೆ ಇದು ನಗಬಹುದಾದ ಚಿತ್ರ ಎಂಬ ಅನುಮತಿ ಸಿಗಬೇಕು. ಅನುಭವಸ್ಥರು ಮೊದಲ ಅರ್ಧ ನಿಮಿಷದೊಳಗೆ ಒಂದು ಸಣ್ಣ ತಮಾಷೆಯನ್ನು ಇಡುವುದು ಈ ಅನುಮತಿಗಾಗಿ. ದೊಡ್ಡ ಸಭಾಂಗಣದಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಕುಳಿತಾಗ ಅದೇ ಚಿತ್ರ ಸತ್ತಂತೆ ಬೀಳುವುದನ್ನೂ, ಅವರನ್ನೇ ಮುಂದಿನ ಎರಡು ಸಾಲುಗಳಿಗೆ ಕರೆದು ಕೂರಿಸಿದರೆ ಜೀವ ಬರುವುದನ್ನೂ ಪ್ರದರ್ಶನ ಏರ್ಪಡಿಸುವವರು ಬಲ್ಲರು.

ಒಂಟಿ ಪ್ರೇಕ್ಷಕನಿಗೆ ಜೊತೆ ಒದಗಿಸಲು ಟೆಲಿವಿಷನ್ ಕಂಡುಕೊಂಡ ಉಪಾಯ ಮೊದಲೇ ಮುದ್ರಿಸಿದ ನಗು. 1960ರಲ್ಲಿ ಆರಂಭವಾದ ‘ದ ಫ್ಲಿಂಟ್‌ಸ್ಟೋನ್ಸ್’ ಸರಣಿಗೆ ಅದನ್ನು ಸೇರಿಸಿದರು. ಅಲ್ಲಿ ಹೇಗೋ ನಡೆಯಿತು, ಏಕೆಂದರೆ ಅದು ಮಾತಿನ ಹಾಸ್ಯ, ಮನೆಯೊಳಗಿನ ಹಾಸ್ಯ. ‘ಪಿಂಕ್ ಪ್ಯಾಂಥರ್’ ಕಿರುಚಿತ್ರಗಳ ಗತಿ ಬೇರೆ. 1964ರ ಮೊದಲ ಚಿತ್ರವೇ ಆಸ್ಕರ್ ಗಳಿಸಿತ್ತು. ಮಾತಿಲ್ಲದ, ಸಾವಧಾನದ ನಡಿಗೆಯ, ಮುಖದಲ್ಲಿ ಏನನ್ನೂ ತೋರಗೊಡದ ಹಾಸ್ಯ ಅದು. 1969ರಲ್ಲಿ ಅಮೆರಿಕದ ಟೆಲಿವಿಷನ್ನಿಗೆ ಬಂದಾಗ ಅವುಗಳಿಗೂ ನಗುವಿನ ಧ್ವನಿಪಟ್ಟಿ ಅಂಟಿಸಿದರು. ಮಾತಿಲ್ಲದ ಹಾಸ್ಯದಲ್ಲಿ ಮೌನವೇ ಸಂಭಾಷಣೆ. ಅದರ ಮೇಲೆ ಅಪರಿಚಿತರ ನಗುವನ್ನು ಸುರಿದರೆ, ಪ್ರೇಕ್ಷಕರು ತಾವಾಗಿ ಕಂಡುಕೊಳ್ಳಬೇಕಾದ ಕ್ಷಣವನ್ನು ಬೇರೆ ಯಾರೋ ಬೆರಳಿಟ್ಟು ತೋರಿಸಿದಂತಾಗುತ್ತದೆ. ಎರಡು ಆವೃತ್ತಿಗಳು ದೊರೆತರೆ ದಯವಿಟ್ಟು ಒಂದರ ಹಿಂದೊಂದು ನೋಡಿ. ಅದೇ ಚಿತ್ರಗಳು, ಅದೇ ವೇಗ, ಆದರೂ ಒಂದು ನಿಧಾನವೆನಿಸುತ್ತದೆ.

ಪ್ರತಿಕ್ರಿಯೆಯನ್ನು ವರ್ಗೀಕರಿಸುವ ಕೆಲಸ ನಮ್ಮಲ್ಲಿ ಹೊಸದೇನೂ ಅಲ್ಲ. ಭರತನ ನಾಟ್ಯಶಾಸ್ತ್ರದ ಆರನೆಯ ಅಧ್ಯಾಯ ನಗುವನ್ನು ಸ್ಮಿತದಿಂದ ಅತಿಹಸಿತದವರೆಗೆ ಆರು ಬಗೆಯಾಗಿ ವಿಂಗಡಿಸುತ್ತದೆ: ಹಲ್ಲು ಕಾಣದ ನಗುವಿನಿಂದ ಹಿಡಿದು ಪಕ್ಕೆ ಹಿಡಿದುಕೊಂಡು ನಗುವವರೆಗೆ. ಇದು ಎಲ್ಲರಿಗೂ ಗೊತ್ತು. ಹೆಚ್ಚು ಮಂದಿ ಓದದಿರುವುದು ಸಿದ್ಧಿಗಳನ್ನು ಕುರಿತ ಇಪ್ಪತ್ತೇಳನೆಯ ಅಧ್ಯಾಯ. ಪ್ರಯೋಗ ಫಲಿಸಿತೆಂದು ತಿಳಿಯುವುದು ಹೇಗೆ ಎಂಬುದೇ ಅಲ್ಲಿನ ಪ್ರಶ್ನೆ. ಮುಗುಳ್ನಗೆ, ಅರ್ಧನಗೆ, ಅಟ್ಟಹಾಸ, ಸಾಧು ಎನ್ನುವುದು, ಅಹೋ ಎನ್ನುವುದು, ಅಯ್ಯೋ ಎನ್ನುವುದು, ರೋಮಾಂಚನ, ಆಸನ ಬಿಟ್ಟು ಏಳುವುದು, ಮೈಮೇಲಿನ ಬಟ್ಟೆಯನ್ನು ರಂಗಕ್ಕೆ ಎಸೆಯುವುದು, ಇವೆಲ್ಲ ಮಾನುಷ ಸಿದ್ಧಿ. ಸದ್ದಿಲ್ಲ, ಗದ್ದಲವಿಲ್ಲ, ಉತ್ಪಾತವಿಲ್ಲ, ರಂಗ ತುಂಬಿದೆ ಎಂದಾದರೆ ಅದು ದೈವಿಕ ಸಿದ್ಧಿ. ಹಾಸ್ಯಕ್ಕೂ ಈ ಎರಡನೆಯದು ಅನ್ವಯಿಸುತ್ತದೆಯೇ ಎಂದು ನಾನು ಬಹಳ ಯೋಚಿಸಿದ್ದೇನೆ. ಅನ್ವಯಿಸುತ್ತದೆ ಎಂದೇ ನನ್ನ ಅಭಿಪ್ರಾಯ. ಅದಕ್ಕೆ ಉದಾಹರಣೆ ಕೊಡುತ್ತೇನೆ. ಅದಕ್ಕೂ ಮುಂಚೆ ಒಂದು ತಕರಾರು: ಹಾಸ್ಯಕ್ಕೆ ಸಂತೋಷಪಡುವವರು ಮಕ್ಕಳು, ಮೂಢರು ಮತ್ತು ಹೆಂಗಸರು ಎಂದು ಅದೇ ಅಧ್ಯಾಯ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತದೆ. ಪ್ರೇಕ್ಷಕರನ್ನು ಅಷ್ಟು ಸೂಕ್ಷ್ಮವಾಗಿ ಗಮನಿಸಿದ ಗ್ರಂಥ ಇಲ್ಲಿ ಮಾತ್ರ ಗಮನಿಸದೆ ಬರೆದಿದೆ.

ಮಾರ್ವ್ ನ್ಯೂಲ್ಯಾಂಡ್ ಅವರು 1969ರಲ್ಲಿ ಮಾಡಿದ ‘ಬ್ಯಾಂಬಿ ಮೀಟ್ಸ್ ಗಾಡ್ಜಿಲ್ಲಾ’ ಸುಮಾರು ಒಂದೂವರೆ ನಿಮಿಷದ ಕಪ್ಪುಬಿಳುಪು ಚಿತ್ರ. ಜಿಂಕೆಮರಿ ಮೇಯುತ್ತಿರುತ್ತದೆ, ಮೇಲೆ ಹೆಸರುಗಳು ಸರಿಯುತ್ತಿರುತ್ತವೆ. ಕಥೆ, ಚಿತ್ರಕಥೆ, ನಿರ್ದೇಶನ, ಎಲ್ಲದರ ಮುಂದೆಯೂ ನ್ಯೂಲ್ಯಾಂಡ್ ಅವರದೇ ಹೆಸರು. ಕೊನೆಗೆ ಆ ಹೆಸರಿನವನ ನಿರ್ಮಾಪಕರು ಅವನ ತಂದೆತಾಯಿ ಎಂಬ ಸಾಲು. ಜಿಂಕೆ ಇನ್ನೂ ಮೇಯುತ್ತಲೇ ಇರುತ್ತದೆ. ಅನಂತರ ಒಂದು ದೈತ್ಯ ಪಾದ ಮೇಲಿನಿಂದ ಇಳಿಯುತ್ತದೆ, ಚಿತ್ರ ಮುಗಿಯುತ್ತದೆ. ಇದನ್ನು ಮೊದಲ ಬಾರಿ ನೋಡುವ ಸಭೆಯಲ್ಲಿ ಮೊದಲು ಕೇಳಿಸುವುದು ಮೌನ, ಆಮೇಲೆ ಅಲ್ಲಲ್ಲಿ ಅನುಮಾನದ ನಗೆ, ಆಮೇಲೆ ಹೆಸರು ಪುನರಾವರ್ತನೆಯಾದಂತೆ ಏರುವ ನಗು. ಪಾದ ಬಿದ್ದ ಕ್ಷಣದಲ್ಲಿ ಸದ್ದು ಒಮ್ಮೆಲೇ ನಿಂತು, ಒಂದು ಉಸಿರಿನ ನಂತರ ಸ್ಫೋಟಿಸುತ್ತದೆ. ಆ ಒಂದು ಉಸಿರನ್ನು ನಾನು ದೈವಿಕ ಸಿದ್ಧಿಯ ಲೆಕ್ಕಕ್ಕೆ ಹಾಕುತ್ತೇನೆ. ಚಿತ್ರದ ಬಹುಪಾಲು ಅವಧಿ ಹೆಸರುಗಳ ಪಟ್ಟಿ ಎಂಬುದೇ ಅದರ ಹಾಸ್ಯ. ಆ ಪಟ್ಟಿಯನ್ನು ಬೇಸರದಿಂದ ಸಹಿಸಿಕೊಂಡವರೇ ಕೊನೆಗೆ ಹೆಚ್ಚು ನಗುತ್ತಾರೆ. ಮಧ್ಯದಲ್ಲಿ ಕಂಡ ಬೇಸರವನ್ನು ವೈಫಲ್ಯವೆಂದು ಬರೆದುಕೊಂಡವನು ಚಿತ್ರವನ್ನೇ ತಪ್ಪಾಗಿ ಓದಿದಂತೆ.

ನಿಮ್ಮಲ್ಲಿ ಚಿತ್ರ ಮಾಡುವವರು ಇದ್ದೀರಿ. ಆದ್ದರಿಂದ ಪ್ರೇಕ್ಷಕರನ್ನು ನೋಡುವ ಕ್ರಮದ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೊದಲನೆಯದಾಗಿ, ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳಬೇಡಿ. ಅಲ್ಲಿಂದ ತಲೆಗಳು ಕಾಣುತ್ತವೆ, ಮುಖಗಳು ಕಾಣುವುದಿಲ್ಲ. ತೆರೆಯ ಪಕ್ಕದ ಮೂಲೆಯಲ್ಲಿ, ಬೆಳಕು ಜನರ ಮುಖದ ಮೇಲೆ ಬೀಳುವ ಕಡೆ ನಿಲ್ಲಿ. ನಿಮ್ಮ ಚಿತ್ರಕ್ಕೆ ಬೆನ್ನು ಮಾಡಿ. ಕೈಯಲ್ಲಿ ಸ್ಟೋರಿಬೋರ್ಡ್, ಅಂದರೆ ದೃಶ್ಯಗಳನ್ನು ಚೌಕ ಚೌಕವಾಗಿ ಬಿಡಿಸಿದ ಹಾಳೆ, ಇರಲಿ. ಪ್ರತಿ ನಗುವನ್ನೂ ಅದು ಬಂದ ಚೌಕದಲ್ಲಿಯೇ ಗುರುತು ಮಾಡಿ, ನೀವು ನಿರೀಕ್ಷಿಸಿದ ಚೌಕದಲ್ಲಿ ಅಲ್ಲ. ಸಾಧ್ಯವಿದ್ದರೆ ಸಭೆಯ ಧ್ವನಿಯನ್ನು ಮುದ್ರಿಸಿಕೊಂಡು, ಅದನ್ನು ಚಿತ್ರದ ಧ್ವನಿಪಟ್ಟಿಯ ಕೆಳಗೆ ಇಟ್ಟು ಕೇಳಿ. ಆಗ ಮೂರು ಬಗೆಯ ಪಲ್ಲಟಗಳು ಕಾಣುತ್ತವೆ. ನಗು ಬೇಗ ಬಂದಿದ್ದರೆ ಜನ ನಿಮ್ಮ ತಮಾಷೆಯನ್ನು ಊಹಿಸಿದ್ದಾರೆ. ಆ ಊಹೆ ಅವರಿಗೆ ಸುಖ ಕೊಟ್ಟಿತೇ, ಅಥವಾ ತಮಾಷೆ ಹಳತಾಯಿತೇ ಎಂಬುದನ್ನು ಅನಂತರದ ನಗು ಹೇಳುತ್ತದೆ. ಊಹಿಸಿ ನಕ್ಕವರು ಘಟನೆಯಾದಾಗ ಮತ್ತೆ ನಕ್ಕರೆ ಚಿಂತೆಯಿಲ್ಲ, ಸುಮ್ಮನಾದರೆ ಕತ್ತರಿಸುವುದು ಒಳ್ಳೆಯದು. ನಗು ತಡವಾಗಿ, ಚದುರಿ ಬಂದರೆ ಬಹುಪಾಲು ಚಿತ್ರದ ವಿನ್ಯಾಸವೇ ಕಾರಣ: ಕಣ್ಣು ಬೇರೆಡೆ ಇದ್ದಾಗ ತಮಾಷೆ ನಡೆದುಹೋಗಿದೆ, ಪಕ್ಕದವರ ನಗುವಿನಿಂದ ಎಚ್ಚೆತ್ತು ಉಳಿದವರು ಹುಡುಕಿದ್ದಾರೆ. ಮೂರನೆಯದು ಅತ್ಯಂತ ಬೆಲೆಬಾಳುವುದು: ನೀವು ಏನನ್ನೂ ಇಡದ ಜಾಗದಲ್ಲಿ ಬಂದ ನಗು. ಪಾತ್ರ ಸುಮ್ಮನೆ ಬಾಗಿಲು ಹಾಕುತ್ತದೆ, ಜನ ನಗುತ್ತಾರೆ. ಅಲ್ಲಿ ಅವರು ತಮಾಷೆಗೆ ನಗುತ್ತಿಲ್ಲ, ಪಾತ್ರದ ಸ್ವಭಾವಕ್ಕೆ ನಗುತ್ತಿದ್ದಾರೆ. ಆ ಕ್ಷಣಗಳನ್ನು ಜೋಪಾನ ಮಾಡಿ.

ಚಿತ್ರ ಮುಗಿದ ಮೇಲೆ ಹಂಚುವ ಪ್ರಶ್ನಾವಳಿಗಳ ಬಗ್ಗೆ ನನಗೆ ಹೆಚ್ಚಿನ ಗೌರವವಿಲ್ಲ. ಏಕೆ ನಕ್ಕಿರಿ ಎಂದು ಕೇಳಿದರೆ ಜನ ಕಾರಣವನ್ನು ಆಗ ಹುಟ್ಟಿಸುತ್ತಾರೆ. ಕಥೆಯನ್ನು ನನಗೆ ಹೇಳಿ ಎಂದು ಕೇಳಿದರೆ ಮಾತ್ರ ನಿಜ ಸಿಗುತ್ತದೆ, ಏಕೆಂದರೆ ಅವರು ಬಿಟ್ಟ ಭಾಗ ಅವರಿಗೆ ಕಾಣದ ಭಾಗ. ಮಕ್ಕಳ ಬಳಿ ಈ ಕಷ್ಟವೂ ಇಲ್ಲ. ಅವರು ಚಿತ್ರದ ಜೊತೆಯಲ್ಲಿಯೇ ಕಥೆ ಹೇಳುತ್ತಿರುತ್ತಾರೆ, ಹಿಂದೆ ನೋಡು ಎಂದು ಪಾತ್ರಕ್ಕೆ ಕೂಗಿ ಎಚ್ಚರಿಸುತ್ತಾರೆ. ಅವರ ಮೌನವೂ ಪ್ರಾಮಾಣಿಕ. ದಾಕ್ಷಿಣ್ಯದ ನಗು ಅವರಿಗೆ ಬರುವುದಿಲ್ಲ. ದೊಡ್ಡವರಲ್ಲಿ, ವಿಶೇಷವಾಗಿ ಸಹಕಲಾವಿದರಲ್ಲಿ, ಮೂಗಿನಿಂದ ಹೊರಡುವ ಒಂದು ಗಾಳಿಯ ನಗೆ ಇದೆ. ತಮಾಷೆ ಅರ್ಥವಾಯಿತು ಎಂಬುದಕ್ಕೆ ಅದು ರಸೀದಿ, ಅಷ್ಟೇ. ಕಾರ್ಯಕ್ರಮದಲ್ಲಿ ನಿಮ್ಮ ಚಿತ್ರ ಯಾವುದರ ನಂತರ ಬಂತು ಎಂಬುದನ್ನೂ ಬರೆದಿಟ್ಟುಕೊಳ್ಳಿ. ಸಾವಿನ ಕಥೆಯ ಬೆನ್ನಿಗೆ ಬಂದ ಹಾಸ್ಯಚಿತ್ರದ ಮೊದಲ ನಿಮಿಷಕ್ಕೆ ಯಾರೂ ನಗುವುದಿಲ್ಲ, ಅದರಲ್ಲಿ ಚಿತ್ರದ ತಪ್ಪೇನೂ ಇರುವುದಿಲ್ಲ.

ಸಭೆಯ ಎಲ್ಲ ಸದ್ದೂ ಚಿತ್ರಕ್ಕೆ ಸಂಬಂಧಿಸಿದ್ದಲ್ಲ ಎಂಬುದಕ್ಕೆ ಫ್ರಾನ್ಸಿನ ಆನ್ಸಿ ಉತ್ಸವ ಒಳ್ಳೆಯ ಸಾಕ್ಷಿ. 1960ರಲ್ಲಿ ಆರಂಭವಾದ ಈ ಅನಿಮೇಷನ್ ಉತ್ಸವದಲ್ಲಿ ಪ್ರೇಕ್ಷಕರು ಚಿತ್ರಕ್ಕೆ ಮುನ್ನ ಕಾಗದದ ವಿಮಾನಗಳನ್ನು ವೇದಿಕೆಯತ್ತ ಹಾರಿಸುತ್ತಾರೆ, ದೀಪ ಆರಿದಾಗ ಬಾಯಿಂದ ಮೀನಿನಂತೆ ಪುಟಿಯುವ ಸದ್ದು ಮಾಡುತ್ತಾರೆ, ತೆರೆಯ ಮೇಲೆ ಎಲ್ಲಿ ಮೊಲ ಕಂಡರೂ ಒಕ್ಕೊರಲಿನಿಂದ ಮೊಲ ಎಂದು ಫ್ರೆಂಚಿನಲ್ಲಿ ಕೂಗುತ್ತಾರೆ. ಗಂಭೀರ ದೃಶ್ಯದ ಮೂಲೆಯಲ್ಲಿ ಮೊಲವನ್ನು ಬಿಡಿಸಿದ ಪಾಪದ ನಿರ್ದೇಶಕ ಆ ಕೂಗನ್ನು ಹೇಗೆ ಅರ್ಥಮಾಡಿಕೊಳ್ಳಬೇಕು? ಅದು ಸಭೆ ತನ್ನನ್ನು ತಾನು ಗುರುತಿಸಿಕೊಳ್ಳುವ ರೀತಿ. ಅದನ್ನು ಲೆಕ್ಕದಿಂದ ತೆಗೆದುಬಿಡಬೇಕು, ಆದರೆ ಸಂತೋಷದಿಂದ ತೆಗೆಯಬೇಕು.

ಚಿತ್ರ ಬದಲಾಗದಿದ್ದರೂ ನಗು ಜಾಗ ಬದಲಿಸುತ್ತದೆ. ಮೂರು ಹಂದಿಮರಿಗಳ ಬಾಗಿಲಿಗೆ ತೋಳ ಬರುವ ಕಥೆಯ, ಡಿಸ್ನಿ ಸಂಸ್ಥೆಯ 1933ರ ‘ತ್ರೀ ಲಿಟ್ಲ್ ಪಿಗ್ಸ್’ ಬಿಡುಗಡೆಯಾದಾಗ ಅಮೆರಿಕದಲ್ಲಿ ದುಡಿಯುವವರ ಪೈಕಿ ಸುಮಾರು ಕಾಲುಭಾಗ ಜನರಿಗೆ ಕೆಲಸವಿರಲಿಲ್ಲ. ತೋಳಕ್ಕೆ ಹೆದರುವವರು ಯಾರು ಎಂಬ ಅದರ ಹಾಡನ್ನು ಜನ ಬೀದಿಯಲ್ಲಿ ಹಾಡಿದರು. ಬಾಗಿಲಿಗೆ ಬಂದ ತೋಳ ಯಾವುದೆಂದು ಯಾರೂ ಅವರಿಗೆ ವಿವರಿಸಬೇಕಾಗಿರಲಿಲ್ಲ. ಹಂದಿಗಳು ಇನ್ನೂ ಬೇಕು ಎಂಬ ಬೇಡಿಕೆಗೆ ಮಣಿದು ಮಾಡಿದ ಮುಂದಿನ ಚಿತ್ರಗಳಿಗೆ ಆ ಯಶಸ್ಸು ಮರಳಿ ಸಿಗಲಿಲ್ಲ. ಅದೇ ಮೊದಲ ಚಿತ್ರದಲ್ಲಿ ತೋಳ ಯಹೂದಿ ವ್ಯಾಪಾರಿಯ ವೇಷದಲ್ಲಿ ಬರುವ ಒಂದು ಪ್ರಸಂಗವಿತ್ತು. ಆಗ ನಕ್ಕ ಜಾಗದಲ್ಲಿ ನಾಜಿ ಜರ್ಮನಿಯ ನಂತರದ ಜಗತ್ತು ನಗಲಾರದೆ ಹೋಯಿತು. ಸಂಸ್ಥೆ ಆ ಭಾಗವನ್ನು ಹೊಸದಾಗಿ ಬಿಡಿಸಿತು. 1968ರಲ್ಲಿ ಯುನೈಟೆಡ್ ಆರ್ಟಿಸ್ಟ್ಸ್ ಸಂಸ್ಥೆಯು ಕಪ್ಪು ಜನರನ್ನು ಹೀಯಾಳಿಸುವ ಚಿತ್ರಣಗಳಿದ್ದ ವಾರ್ನರ್ ಸ್ಟುಡಿಯೋದ 11 ಅನಿಮೇಷನ್ ಕಿರುಚಿತ್ರಗಳನ್ನು ಟೆಲಿವಿಷನ್ ಪ್ರಸಾರದಿಂದ ಹಿಂತೆಗೆಯಿತು. ತಾಂತ್ರಿಕವಾಗಿ ಅವುಗಳಲ್ಲಿ ಕೆಲವು ಬಹಳ ಕುಶಲ ಕೃತಿಗಳು, ಫ್ರೇಮಿನ ಲೆಕ್ಕದಲ್ಲಿ ಎಲ್ಲೂ ತಪ್ಪಿಲ್ಲ. ಬರ್ಗ್‌ಸನ್ ಹೇಳುವ ಗುಂಪಿನ ನಗು ಯಾರನ್ನು ಗುಂಪಿನಿಂದ ಹೊರಗಿಟ್ಟು ಹುಟ್ಟಿತು ಎಂಬುದು ಅಲ್ಲಿ ಕಣ್ಣಿಗೆ ರಾಚುತ್ತದೆ.

ಇತ್ತೀಚಿನ ಎರಡು ಪ್ರಕರಣಗಳನ್ನು ಬೇಗನೆ ಹೇಳಿ ಮುಂದೆ ಹೋಗುತ್ತೇನೆ. 2017ರಲ್ಲಿ ಮೆಕ್ಸಿಕೋದಲ್ಲಿ ನಡೆಯುವ ಕಥೆಯ ‘ಕೋಕೋ’ ಚಿತ್ರದ ಮುಂದೆ 21 ನಿಮಿಷಗಳ, ಓಲಾಫ್ ಎಂಬ ಹಿಮದ ಬೊಂಬೆಯ ಚಿತ್ರವನ್ನು ಜೋಡಿಸಿದ್ದರು. ಅದು ಮೂಲತಃ ಟೆಲಿವಿಷನ್ನಿಗೆಂದು ಯೋಜಿಸಿದ್ದು. ಜನ ದೂರಿದರು, ಮೆಕ್ಸಿಕೋದ ಚಿತ್ರಮಂದಿರಗಳು ಅದನ್ನು ತೆಗೆದುಹಾಕಿದವು, ಡಿಸೆಂಬರ್ ಹೊತ್ತಿಗೆ ಅಮೆರಿಕದಲ್ಲಿಯೂ ಅದು ನಿಂತಿತು. ತಮ್ಮ ಸಂಸ್ಕೃತಿಯ ಕಥೆಗಾಗಿ ಬಂದು ಕುಳಿತವರಿಗೆ ಬೇರೊಂದು ಕಥೆಯನ್ನು ಅಷ್ಟು ಹೊತ್ತು ತೋರಿಸಿದರೆ, ಅದರಲ್ಲಿನ ತಮಾಷೆಗಳು ಎಷ್ಟೇ ಸರಿಯಾಗಿದ್ದರೂ ನಗಲು ಮನಸ್ಸು ಇರುವುದಿಲ್ಲ. ಮರುವರ್ಷದ ‘ಬಾವ್’ ಚಿತ್ರದಲ್ಲಿ ತಾಯಿಯೊಬ್ಬಳು ತಾನೇ ಬೆಳೆಸಿದ ಕಡುಬಿನ ಮಗುವನ್ನು ಗಬಕ್ಕನೆ ನುಂಗಿಬಿಡುತ್ತಾಳೆ. ಆ ಕ್ಷಣಕ್ಕೆ ಕೆಲವರು ಬೆಚ್ಚಿ ನಕ್ಕರು, ಕೆಲವರಿಗೆ ಏನೆಂದೇ ತಿಳಿಯಲಿಲ್ಲ, ವಲಸೆ ಕುಟುಂಬಗಳಲ್ಲಿ ಬೆಳೆದ ಅನೇಕರು ಅತ್ತರು. ನಿರ್ದೇಶಕಿ ಡೋಮಿ ಶಿ ಆ ಒಂದು ಕ್ಷಣದಲ್ಲಿ ಈ ಎಲ್ಲಕ್ಕೂ ಜಾಗ ಬಿಟ್ಟಿದ್ದರು ಎಂದು ನಾನು ಓದುತ್ತೇನೆ.

ನಗುವಿನ ಜಾಗದ ಬಗ್ಗೆ ಇಷ್ಟು ಮಾತನಾಡಿದ ಮೇಲೆ, ನಗುವಿನ ಆಚೆಗೆ ಬರುವ ಪ್ರತಿಕ್ರಿಯೆಯ ಬಗ್ಗೆಯೂ ಹೇಳಬೇಕು. 1986ರ ಆಗಸ್ಟಿನಲ್ಲಿ ಡಲ್ಲಾಸ್ ನಗರದಲ್ಲಿ ನಡೆದ ಸಿಗ್ರಾಫ್ ಸಮ್ಮೇಳನದಲ್ಲಿ ಜಾನ್ ಲ್ಯಾಸೆಟರ್ ಅವರು ‘ಲುಕ್ಸೋ ಜೂನಿಯರ್’ ಎಂಬ ಸುಮಾರು ಎರಡು ನಿಮಿಷದ ಚಿತ್ರವನ್ನು ತೋರಿಸಿದರು. ಎರಡು ಮೇಜಿನ ದೀಪಗಳು, ಒಂದು ಚೆಂಡು. ಚಿಕ್ಕ ದೀಪ ಚೆಂಡಿನ ಮೇಲೆ ಕುಣಿದು ಅದರ ಗಾಳಿ ತೆಗೆಯುತ್ತದೆ, ತಲೆ ತಗ್ಗಿಸಿ ಹೋಗುತ್ತದೆ, ಇನ್ನೂ ದೊಡ್ಡ ಚೆಂಡನ್ನು ಹುಡುಕಿ ತರುತ್ತದೆ. ಅಲ್ಲಿ ಸೇರಿದ್ದವರು ಕಂಪ್ಯೂಟರ್ ಗ್ರಾಫಿಕ್ಸ್ ತಜ್ಞರು. ಆ ಕಾಲದಲ್ಲಿ ದೀಪಗಳ ನೆರಳು ಒಂದರ ಮೇಲೊಂದು ಬೀಳುವಂತೆ ಮಾಡುವುದೇ ಸಾಹಸವಾಗಿತ್ತು. ಪ್ರದರ್ಶನದ ನಂತರ ಆ ಕ್ಷೇತ್ರದ ಹಿರಿಯ ಜಿಮ್ ಬ್ಲಿನ್ ತಮ್ಮ ಕಡೆಗೆ ಬರುವುದನ್ನು ಕಂಡ ಲ್ಯಾಸೆಟರ್, ನೆರಳಿನ ಗಣಿತದ ಬಗ್ಗೆ ಉತ್ತರಿಸಲಾಗದ ಪ್ರಶ್ನೆಯೊಂದು ಬರುತ್ತದೆಂದು ಅಂಜಿದ್ದರು. ಬ್ಲಿನ್ ಕೇಳಿದ್ದು ಬೇರೆ: ಆ ದೊಡ್ಡ ದೀಪ ಅಮ್ಮನೋ, ಅಪ್ಪನೋ?